ನಾಲ್ಕು, ಎರಡು, ಒಂದು: ಗೊಂಬೆ ಮೆಟ್ಟಿಲ ಮುಂದಿನ ಇಟ್ಟಿಗೆ ಊರು

ನವರಾತ್ರಿ ಬಂತೆಂದರೆ ಅಹಮದಾಬಾದಿನ ನಮ್ಮ ಸೊಸೈಟಿಯ ಅಂಗಳದಲ್ಲಿ ಗರ್ಬಾದ ಹಾಡು ಏಳುತ್ತದೆ, ಮನೆಯೊಳಗೆ ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ದಶಾವತಾರ, ಆಮೇಲೆ ಚನ್ನಪಟ್ಟಣದ ಬಣ್ಣದ ವಾದ್ಯಗೋಷ್ಠಿ, ಅದರ ಮಗ್ಗುಲಲ್ಲಿ ವಡೋದರದ ಸ್ನೇಹಿತರು ತಂದುಕೊಟ್ಟ ಸಂಖೇಡಾದ ಪುಟ್ಟ ತೊಟ್ಟಿಲು. ಚನ್ನಪಟ್ಟಣಕ್ಕೂ ಸಂಖೇಡಾಕ್ಕೂ ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರವಿದ್ದರೂ ಎರಡೂ ಊರುಗಳ ಕಸುಬು ಒಂದೇ, ಮರವನ್ನು ಲೇತಿನಲ್ಲಿ ಕಡೆದು ಅರಗಿನ ಹೊಳಪು ಕೊಡುವುದು. ಆದ್ದರಿಂದ ಅವೆರಡನ್ನೂ ನಾವು ಬೇಕೆಂದೇ ಒತ್ತೊತ್ತಾಗಿ ಇಡುತ್ತೇವೆ.

ಮೆಟ್ಟಿಲ ಮುಂದಿನ ನೆಲದ ಮೇಲೆ ಮಕ್ಕಳು ಪಾರ್ಕು ಮಾಡುವುದು ಮೈಸೂರು ಕಡೆಯ ವಾಡಿಕೆ. ರಾಗಿ ಚೆಲ್ಲಿ ಬೆಳೆಸಿದ ಹಸಿರು, ತಟ್ಟೆಯ ನೀರಿನ ಕೊಳ, ಹುಲ್ಲು ಮೇಯುವ ಮಣ್ಣಿನ ಹಸುಗಳು. ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಆ ಜಾಗವನ್ನು ಪ್ಲಾಸ್ಟಿಕ್ ಇಟ್ಟಿಗೆಗಳ ಊರೊಂದು ಆಕ್ರಮಿಸಿಕೊಂಡಿದೆ. ಕಳೆದ ಬಾರಿ ಅರಿಶಿನ ಕುಂಕುಮಕ್ಕೆ ಬಂದಿದ್ದ ಹಿರಿಯರೊಬ್ಬರು ಅದನ್ನು ದಿಟ್ಟಿಸಿ ನೋಡಿ, "ಇದು ಯಾರ ಆಟ? ಮಗುವಿನದೋ ನಿಮ್ಮದೋ?" ಎಂದು ಕೇಳಿಯೇಬಿಟ್ಟರು. ಇಬ್ಬರದೂ ಎಂದೆವು. ಹೆಚ್ಚು ನಮ್ಮದೇ ಎಂಬುದನ್ನು ಆ ಹೊತ್ತಿಗೆ ಹೇಳಲಿಲ್ಲ. ನಡುವಯಸ್ಸು ದಾಟಿದವರು ಆಟಿಕೆ ಇಟ್ಟಿಗೆಗಳಲ್ಲಿ ಏನು ಕಂಡಿದ್ದಾರೆ, ಅದರ ಜೊತೆಗೆ ಮನೆಮಂದಿ ಕೂಡಿ ಆಡಬಹುದಾದ ಪರದೆಯ ಆಟಗಳನ್ನೂ ಏಕೆ ಹಚ್ಚಿಕೊಂಡಿದ್ದಾರೆ ಎಂಬುದನ್ನು ವಿವರವಾಗಿ ಹೇಳುವ ಋಣ ಅಂದಿನಿಂದ ಉಳಿದಿತ್ತು. ಈ ಬರೆಹ ಅದರ ತೀರಿಕೆ.

ಉತ್ತರ ಹುಡುಕಲು ಡೆನ್ಮಾರ್ಕಿಗೆ ಹೋಗುವ ಮೊದಲು ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದ ಲೋಥಲ್‌ಗೆ ಹೋಗುವುದು ಒಳ್ಳೆಯದು. ಧೋಳ್ಕಾ ತಾಲೂಕಿನ ಸರಗವಾಲಾ ಹಳ್ಳಿಯ ಬಳಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹರಪ್ಪಾ ಕಾಲದ ಪಟ್ಟಣವಿದೆ. ಅದನ್ನು 1954ರಲ್ಲಿ ಗುರುತಿಸಿ, 1955ರಿಂದ 1960ರವರೆಗೆ ಅಗೆಸಿ ಲೋಕಕ್ಕೆ ತೋರಿಸಿದವರು ನಮ್ಮ ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಕೆಲಸಕ್ಕೆ ನಿಂತು, ಮುಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಹೆಸರಾಂತ ಉತ್ಖನನಕಾರರಾದ ಎಸ್.ಆರ್. ರಾವ್ 2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಮಕ್ಕಳಿಗೆ ಹೇಳಲೇಬೇಕಾದ ಹೆಸರುಗಳಲ್ಲಿ ಅವರದೂ ಒಂದು ಎಂಬುದು ನಮ್ಮ ಎಣಿಕೆ.

ಲೋಥಲ್‌ನಲ್ಲಿ ಎಲ್ಲರೂ ನೋಡುವುದು ಸುಟ್ಟ ಇಟ್ಟಿಗೆಯಿಂದ ಕಟ್ಟಿದ ಆ ದೊಡ್ಡ ಕೊಳವನ್ನು. ಅದು ಹಡಗುಕಟ್ಟೆ ಎಂದು ರಾವ್ ಅವರು ವಾದಿಸಿದರು, ನೀರಾವರಿಯ ಕೆರೆ ಇರಬಹುದೆಂದವರೂ ಉಂಟು. ನಾವು ನೋಡಲು ಹೋದದ್ದು ಇಟ್ಟಿಗೆಯನ್ನು. ಹರಪ್ಪಾ ಕಾಲದ ಇಟ್ಟಿಗೆಯ ಉದ್ದ, ಅಗಲ, ದಪ್ಪಗಳು 4:2:1ರ ಪ್ರಮಾಣದಲ್ಲಿ ಇರುತ್ತವೆ. ಮನೆ ಕಟ್ಟುವ ಇಟ್ಟಿಗೆಯಾದರೆ ಸುಮಾರು 28 ಸೆಂಟಿಮೀಟರ್ ಉದ್ದ, 14 ಅಗಲ, 7 ದಪ್ಪ. ಗಾತ್ರ ಊರಿಂದೂರಿಗೆ ಬದಲಾದರೂ ಈ ಪ್ರಮಾಣ ಹೆಚ್ಚು ಕಡಿಮೆ ಹಾಗೇ ಉಳಿಯಿತು. ಏಕೆಂದು ತಿಳಿಯಬೇಕಾದರೆ ನೆಲದ ಮೇಲೆ ಕುಳಿತು ಒಂದು ಗೋಡೆ ಕಟ್ಟಿ ನೋಡಬೇಕು. ಎರಡು ಇಟ್ಟಿಗೆಗಳನ್ನು ಅಡ್ಡಲಾಗಿ ಒತ್ತಿಟ್ಟರೆ ಒಂದು ಇಟ್ಟಿಗೆಯ ಉದ್ದಕ್ಕೆ ಸರಿಹೋಗುತ್ತದೆ. ಒಂದರ ಮೇಲೊಂದು ಎರಡು ಇಟ್ಟರೆ ಒಂದರ ಅಗಲಕ್ಕೆ ಸಮ. ಆಗ ಉದ್ದ ಸಾಲು, ಅಡ್ಡ ಸಾಲು ಯಾವುದನ್ನು ಹಾಕಿದರೂ ಮೂಲೆ ಕೂಡುತ್ತದೆ, ಕೆಳಗಿನ ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಇಟ್ಟಿಗೆಯ ನಡು ಬಂದು ಕೂರುತ್ತದೆ, ಗೋಡೆ ಸೀಳುವುದಿಲ್ಲ. ಇಟ್ಟಿಗೆ ಮಾಡಿದವನೂ ಗೋಡೆ ಕಟ್ಟಿದವನೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿಯೇ ಇರಲಿಲ್ಲ. ಅಳತೆ ಒಂದೇ ಆಗಿತ್ತು, ಅಷ್ಟು ಸಾಕಾಗಿತ್ತು.

ಅಲ್ಲಿಯ ವಸ್ತುಗಳಲ್ಲಿ ಇನ್ನೂ ಎರಡನ್ನು ಹೇಳಬೇಕು. ಒಂದು ದಂತದ ಮುರಿದ ಅಳತೆಪಟ್ಟಿ. ಅದರ ಗೆರೆಗಳ ನಡುವಣ ಅಂತರ ಸುಮಾರು 1.7 ಮಿಲಿಮೀಟರ್. ಇನ್ನೊಂದು ಸುಡುಮಣ್ಣಿನ ಆಟಿಕೆಗಳು: ಪುಟ್ಟ ಗಾಡಿಗಳು, ಪ್ರಾಣಿಗಳು, ಆಟದ ಕಾಯಿಗಳು. ಕೆಲವು ಕಾಯಿಗಳು ಚದುರಂಗದ ಕಾಯಿಗಳನ್ನು ನೆನಪಿಸುತ್ತವೆ ಎಂದು ರಾವ್ ಅವರೇ ಬರೆದಿದ್ದಾರೆ. ಇಟ್ಟಿಗೆ, ಅಳತೆ, ಆಟಿಕೆ ಮೂರೂ ಒಂದೇ ಊರಿನಲ್ಲಿ ಸಿಕ್ಕವು. ಅವನ್ನು ಒಂದುಗೂಡಿಸುವ ಯೋಚನೆ ಮಾತ್ರ ಬಹಳ ತಡವಾಗಿ, ಬಹಳ ದೂರದಲ್ಲಿ ಹುಟ್ಟಿತು.

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅವರು 1932ರಲ್ಲಿ ಮರದ ಆಟಿಕೆ ಮಾಡತೊಡಗಿದರು. 'ಚೆನ್ನಾಗಿ ಆಡು' ಎಂಬ ಅರ್ಥದ ಡೇನಿಷ್ ಮಾತನ್ನು ಕಿರಿದಾಗಿಸಿ 1934ರಲ್ಲಿ 'ಲೆಗೊ' ಎಂದು ಹೆಸರಿಟ್ಟರು. 1949ರಲ್ಲಿ ಅವರ ಕಾರ್ಖಾನೆಯಿಂದ ಹೊರಬಂದ ಪ್ಲಾಸ್ಟಿಕ್ ಇಟ್ಟಿಗೆ ಪೂರ್ತಿ ಸ್ವಂತ ಕಲ್ಪನೆಯೇನಲ್ಲ. ಇಂಗ್ಲೆಂಡಿನ ಹಿಲರಿ ಪೇಜ್ ಎಂಬವರು ಅದಕ್ಕೂ ಮುನ್ನ ಮಾಡಿದ್ದ ಕಿಡಿಕ್ರಾಫ್ಟ್ ಇಟ್ಟಿಗೆಯೇ ಅದಕ್ಕೆ ಮಾದರಿ. ಆದರೆ ಆ ಮೊದಲ ಇಟ್ಟಿಗೆಗಳಿಗೆ ಬಿಗಿ ಸಾಲದು, ಎತ್ತಿದರೆ ಕಳಚುತ್ತಿದ್ದವು. ಓಲೆಯವರ ಮಗ ಗಾಟ್‌ಫ್ರೆಡ್ ಅವರು ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳನ್ನು ಸೇರಿಸಿ 1958ರ ಜನವರಿ 28ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಕೆಳಗಿನ ಇಟ್ಟಿಗೆಯ ಉಬ್ಬುಗಳು ಮೇಲಿನದರ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿ ಹಿಡಿದುಕೊಳ್ಳುತ್ತವೆ. ಗಾರೆ ಬೇಡ, ಅಂಟು ಬೇಡ, ಮಗುವಿನ ಬೆರಳು ಬಿಡಿಸಬಲ್ಲಷ್ಟೇ ಬಿಗಿ. ಅಂದಿನಿಂದ ಈ ಅಳತೆ ಬದಲಾಗಿಲ್ಲ. 1958ರ ಇಟ್ಟಿಗೆಯನ್ನು ಇಂದಿನ ಡಬ್ಬಿಯ ಇಟ್ಟಿಗೆಗೆ ಒತ್ತಿದರೆ ಕೂಡುತ್ತದೆ. ಅಜ್ಜನ ಡಬ್ಬಿ ಮೊಮ್ಮಗಳ ಡಬ್ಬಿಯೊಳಗೆ ಕರಗುವ ಇಂತಹ ಆಟಿಕೆ ಇನ್ನೊಂದಿದ್ದರೆ ನಮಗೆ ತಿಳಿಸಿ.

ಎಂಟು ಉಬ್ಬುಗಳ ಮೂಲ ಇಟ್ಟಿಗೆಯ ಉದ್ದ 31.8 ಮಿಲಿಮೀಟರ್, ಅಗಲ 15.8, ಎತ್ತರ 9.6. ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್. ಉದ್ದಕ್ಕೂ ಅಗಲಕ್ಕೂ ಹರಪ್ಪಾದವರ ಎರಡಕ್ಕೊಂದರ ಲೆಕ್ಕವೇ. ಎತ್ತರ ಮಾತ್ರ ಬೇರೆ. ಮೂರು ತೆಳು ಹಲಗೆಗಳು ಒಂದರ ಮೇಲೊಂದು ಕೂತರೆ ಒಂದು ಇಟ್ಟಿಗೆಯ ಎತ್ತರ. ಐದು ಹಲಗೆಗಳಾದರೆ 16 ಮಿಲಿಮೀಟರ್, ಅಂದರೆ ಎರಡು ಉಬ್ಬುಗಳ ಅಗಲಕ್ಕೆ ಸರಿಸಮ. ಈ ಕೊನೆಯ ಲೆಕ್ಕ ನಮಗೆ ಹೊಳೆದದ್ದು ಆಟ ಶುರುಮಾಡಿ ಎರಡು ವರ್ಷವಾದ ಮೇಲೆ. ಅದು ಗೊತ್ತಾದರೆ ಇಟ್ಟಿಗೆಗಳನ್ನು ಮಗ್ಗುಲಾಗಿ ಮಲಗಿಸಿಯೂ ಗೋಡೆಗೆ ಸೇರಿಸಬಹುದು. ಆ ರಾತ್ರಿ ನಾವು ಊಟಕ್ಕೆ ಎದ್ದದ್ದು ಹತ್ತೂವರೆಗೆ.

ಎಂಟು ಉಬ್ಬಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು, ಮೂರನ್ನು 1,060 ಬಗೆಯಲ್ಲಿ. ಆರು ಇಟ್ಟಿಗೆಗಳಿಗೆ ಡೆನ್ಮಾರ್ಕಿನ ಗಣಿತಜ್ಞರು ಗಣಕದ ನೆರವಿನಿಂದ ಎಣಿಸಿದ ಸಂಖ್ಯೆ 91,51,03,765. ಮನೆಗೆ ಬರುವ ಪ್ರತಿ ಮಗುವಿಗೂ ನಾವು ಆರು ಇಟ್ಟಿಗೆಗಳನ್ನೇ ಕೊಡುತ್ತೇವೆ. ಬಾತುಕೋಳಿ ಮಾಡು ಎಂದರೆ ಒಂದರಂತೆ ಇನ್ನೊಂದು ಆದುದನ್ನು ಇದುವರೆಗೆ ಕಂಡಿಲ್ಲ.

ಈ ಕರಾರುವಾಕ್ಕಾದ ಅಳತೆಗೆ ಬೆಲೆ ಎಷ್ಟೆಂಬುದನ್ನು ನಾವು ಕಲಿತದ್ದು ಒಂದು ದೀಪಾವಳಿಯ ಸಂತೆಯಲ್ಲಿ. ಚೀಲದಲ್ಲಿ ತುಂಬಿ ತೂಕಕ್ಕೆ ಮಾರುತ್ತಿದ್ದ ಇಟ್ಟಿಗೆಗಳನ್ನು ಅಗ್ಗವೆಂದು ಎರಡು ಕಿಲೋ ತಂದೆವು. ಅರ್ಧದಷ್ಟು ಕೂಡಲೇ ಇಲ್ಲ, ಉಳಿದವು ಕೂಡಿದ ಮೇಲೆ ಬಿಡಲಿಲ್ಲ. ಮಗಳು ಹಲ್ಲಿನಿಂದ ಬಿಡಿಸಲು ಹೋಗಿ ತುಟಿ ಸೀಳಿಕೊಂಡಳು. ಚೀಲದ ಮೇಲೆ ಯಾರ ಹೆಸರೂ ಇರಲಿಲ್ಲ, ದೂರುವುದಕ್ಕಾದರೂ ಯಾರನ್ನು ದೂರೋಣ? ಒಳ್ಳೆಯ ಇಟ್ಟಿಗೆಯ ಅಚ್ಚಿನಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಏರುಪೇರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಲೋಥಲ್‌ನ ಅಳತೆಪಟ್ಟಿಯ ಒಂದು ಮನೆಯಲ್ಲಿ ಅಂತಹ 170 ಭಾಗಗಳು ಅಡಗುತ್ತವೆ.

ಆದುದರಿಂದ ಕೊಳ್ಳುವವರಿಗೆ ಒಂದೆರಡು ಮಾತು. 2021ರ ಜನವರಿ 1ರಿಂದ, 14 ವರ್ಷಕ್ಕಿಂತ ಕಿರಿಯ ಮಕ್ಕಳಿಗಾಗಿ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು, ಹೊರದೇಶದ್ದಾದರೂ ಸರಿ. ಭೌಗೋಳಿಕ ಸೂಚಿಯ ನೋಂದಣಿ ಇರುವ ಚನ್ನಪಟ್ಟಣದಂತಹ ಕುಶಲಕರ್ಮಿಗಳ ಆಟಿಕೆಗಳಿಗೆ ಇದರಿಂದ ವಿನಾಯಿತಿ ಉಂಟು. ವಿದೇಶಿ ಡಬ್ಬಿ ಏಕಿಷ್ಟು ತುಟ್ಟಿ ಎಂದು ಕೇಳುವವರು ಆಮದು ಸುಂಕವನ್ನು ನೆನೆಯಬೇಕು. 20 ಶೇಕಡಾ ಇದ್ದದ್ದು 2020ರಲ್ಲಿ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಮೂಲ ಪೇಟೆಂಟುಗಳ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವನ್ನೇ ವ್ಯಾಪಾರ ಮುದ್ರೆಯಾಗಿ ಉಳಿಸಿಕೊಳ್ಳುವ ಯತ್ನವನ್ನು ಐರೋಪ್ಯ ನ್ಯಾಯಾಲಯ 2010ರಲ್ಲಿ ತಳ್ಳಿಹಾಕಿತು. ಹಾಗಾಗಿ ಬೇರೆ ಕಂಪನಿಗಳ ಕೂಡುವ ಇಟ್ಟಿಗೆಗಳು ಕಳ್ಳಮಾಲೇನಲ್ಲ. ಗುರುತು ನೋಡಿ, ಒಂದು ಸಣ್ಣ ಪೊಟ್ಟಣ ಕೊಂಡು ಹಳೆಯದರೊಡನೆ ಕೂಡಿಸಿ ನೋಡಿ, ಆಮೇಲೆ ದೊಡ್ಡದು ಕೊಳ್ಳಿ. ಮೂರು ವರ್ಷ ತುಂಬದ ಮಕ್ಕಳಿರುವ ಮನೆಯಲ್ಲಿ ಸಣ್ಣ ತುಂಡುಗಳು ನೆಲ ಕಾಣಲೇಬಾರದು, ಗಂಟಲಿಗೆ ಸಿಕ್ಕುತ್ತವೆ. ಅವರಿಗೆಂದೇ 1969ರಲ್ಲಿ ಬಂದ ಡುಪ್ಲೊ ಇಟ್ಟಿಗೆ ಎಲ್ಲ ಅಳತೆಯಲ್ಲೂ ಇಮ್ಮಡಿ. ಸೋಜಿಗವೆಂದರೆ ಸಣ್ಣ ಇಟ್ಟಿಗೆಗಳು ಅದರ ಮೇಲೂ ಕೂರುತ್ತವೆ.

ಹೊಸದೇ ಬೇಕೆಂಬ ಹಟವೂ ಬೇಡ. ಹಜೀರಾದ ಕಾರ್ಖಾನೆ ಕಾಲೊನಿಯಿಂದ ವರ್ಗವಾಗಿ ಹೋಗುವ ಸ್ನೇಹಿತರೊಬ್ಬರು ತಮ್ಮ ಮಗನ ಡಬ್ಬಿಯನ್ನು ಸೂರತ್‌ನಿಂದ ವಡೋದರದ ಇನ್ನೊಂದು ಕನ್ನಡ ಮನೆಗೆ ಕಳಿಸಿದರು, ಅಲ್ಲಿಂದ ಅದು ನಮ್ಮಲ್ಲಿಗೆ ಬಂತು. ಸೋಪಿನ ಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆವು, ಹೊಸದರಂತಾಯಿತು. ಬಿಸಿಲಲ್ಲಿ ಮಾತ್ರ ಇಡಬೇಡಿ, ಬಿಳಿಯದು ಹಳದಿಗೆ ತಿರುಗುತ್ತದೆ.

ಡಬ್ಬಿಯ ಮೇಲಿನ ಚಿತ್ರದಂತೆಯೇ ಕಟ್ಟಿ ಕಪಾಟಿನಲ್ಲಿಡುವವರ ಮೇಲೆ ನಮಗೆ ಕೋಪವಿಲ್ಲ, ಆದರೆ ಅಸಲು ಸುಖ ಆಮೇಲಿನದು. ನಮ್ಮ ಸುತ್ತಲೇ ಕಟ್ಟಲು ಎಷ್ಟಿದೆ! ಅಹಮದಾಬಾದಿನ ಐಐಎಂ ಆವರಣವನ್ನು ನೋಡಿ. ಅಮೆರಿಕದ ಲೂಯಿ ಕಾನ್ ಅವರು ಬಿ.ವಿ. ದೋಶಿಯವರ ಜೊತೆಗೂಡಿ 1962ರಲ್ಲಿ ಕೈಹಾಕಿದ ಕೆಂಪು ಇಟ್ಟಿಗೆಯ ಲೋಕ ಅದು. ಇಟ್ಟಿಗೆಯನ್ನೇ ನಿನಗೇನಾಗಬೇಕೆಂದು ಕೇಳಿದರೆ ಅದು ಕಮಾನಾಗಬೇಕೆನ್ನುತ್ತದೆ ಎಂಬರ್ಥದ ಮಾತನ್ನು ಕಾನ್ ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರಂತೆ. ಅಲ್ಲಿಯ ಚಪ್ಪಟೆ ಕಮಾನುಗಳು ಇಕ್ಕೆಲಗಳಿಗೆ ಜಾರದಂತೆ ಕೆಳಗೊಂದು ಕಾಂಕ್ರೀಟ್ ಪಟ್ಟಿ ಹಿಡಿದಿರುತ್ತದೆ. ಅದನ್ನು ಕಟ್ಟಿ ನೋಡುವ ತನಕ ಆ ಪಟ್ಟಿ ಅಲಂಕಾರಕ್ಕೆಂದು ನಾವು ತಿಳಿದಿದ್ದೆವು. ನಮ್ಮ ಆಟಿಕೆ ಕಮಾನು ಎರಡು ಬಾರಿ ಕಾಲು ಚಾಚಿ ಮಲಗಿದ ಮೇಲೆ ಪಟ್ಟಿಯ ಬೆಲೆ ಗೊತ್ತಾಯಿತು. ಆ ವಿದ್ಯಾರ್ಥಿ ನಿಲಯಗಳನ್ನು ಕೆಡವುವ ಪ್ರಸ್ತಾಪ 2020ರ ಕೊನೆಯಲ್ಲಿ ಬಂದು, ದೇಶ ವಿದೇಶಗಳ ವಾಸ್ತುಶಿಲ್ಪಿಗಳ ವಿರೋಧದಿಂದ ಹಿಂದೆ ಸರಿಯಿತು. 2022ರಲ್ಲಿ ಇಟ್ಟಿಗೆ ಶಿಥಿಲವಾಗಿದೆಯೆಂಬ ಕಾರಣದೊಡನೆ ಮತ್ತೆ ತಲೆ ಎತ್ತಿತು.

ಸೂರತ್‌ನ ತಾಪಿ ದಂಡೆಯ ಕೋಟೆ 1546ರಲ್ಲಿ ಮುಗಿದದ್ದು, ಅದರ ಮೂಲೆಗಳಲ್ಲಿ ದುಂಡು ಕೊತ್ತಳಗಳಿವೆ. ಚೌಕ ಇಟ್ಟಿಗೆಯಲ್ಲಿ ದುಂಡನ್ನು ತರುವುದು ಹೇಗೆ? ಎರಡು ಉಬ್ಬಿನ ಸಣ್ಣ ಇಟ್ಟಿಗೆ, ಒಂದು ಉಬ್ಬಿನ ಗುಂಡು ತುಂಡು, ಮತ್ತೆ ಇಟ್ಟಿಗೆ, ಮತ್ತೆ ಗುಂಡು, ಹೀಗೆ ಒಂದರ ಮಗ್ಗುಲಿಗೊಂದು ಕಟ್ಟುತ್ತ ಹೋದರೆ ಪ್ರತಿ ಸಂದಿಯಲ್ಲೂ ಕೂದಲೆಳೆಯಷ್ಟು ಸಡಿಲು ಉಳಿಯುತ್ತದೆ. ಗೋಡೆ ಉದ್ದವಾದಷ್ಟೂ ಬಳುಕುತ್ತದೆ, ಕೊನೆಗೆ ತುದಿಗಳೆರಡನ್ನೂ ಕೂಡಿಸಿದರೆ ಕೊತ್ತಳ. ವಡೋದರದ ಲಕ್ಷ್ಮೀ ವಿಲಾಸ ಅರಮನೆಗೂ ಕೈಹಾಕಿದ್ದೆವು. ಅದರ ಗೋಪುರದ ಹತ್ತಿರ ನಿಂತಿದ್ದೇವೆ, ಇನ್ನೂ ಅಲ್ಲೇ ನಿಂತಿದ್ದೇವೆ.

ಇನ್ನು ಪರದೆಯ ಆಟಗಳು. ಇಟ್ಟಿಗೆಗೂ ಪರದೆಗೂ ಹಳೆಯ ನಂಟು. ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ 1984ರಲ್ಲಿ ಮಾಡಿದ ಟೆಟ್ರಿಸ್‌ನಲ್ಲಿ ಬೀಳುವ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸುವುದೇ ಆಟ. ತೊಂಬತ್ತರ ದಶಕದಲ್ಲಿ ಜಾತ್ರೆಗಳಲ್ಲಿ ಕೊಂಡ 'ಬ್ರಿಕ್ ಗೇಮ್' ಎಂಬ ಕೈಯಳತೆಯ ಯಂತ್ರ ನಮ್ಮಲ್ಲಿ ಅನೇಕರಿಗೆ ನೆನಪಿರಬೇಕು, ಅದು ಟೆಟ್ರಿಸ್‌ನದೇ ನೆರಳು. 2011ರಲ್ಲಿ ಪೂರ್ಣರೂಪದಲ್ಲಿ ಬಂದ ಮೈನ್‌ಕ್ರಾಫ್ಟ್‌ನಲ್ಲಿ ಇಡೀ ಲೋಕವೇ ಇಟ್ಟಿಗೆ. ಪ್ರತಿಯೊಂದೂ ಒಂದು ಮೀಟರಿನ ಘನ, ಅಂದರೆ 1:1:1. ಮಣ್ಣು ಅಗೆದು, ಮರ ಕಡಿದು, ಕುಲುಮೆಯಲ್ಲಿ ಸುಟ್ಟು ಮನೆ ಕಟ್ಟಬೇಕು.

ಈ ಆಟದಲ್ಲಿ ಕನ್ನಡಿಗರಿಗೆ ಗೊತ್ತಿರಬೇಕಾದ ಸಂಗತಿಯೊಂದಿದೆ. ಗಣಕದಲ್ಲಿ ಆಡುವ ಅದರ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಸೇರಿದೆ. ಅನುವಾದಿಸಿದವರು ಸ್ವಯಂಸೇವಕರು. ಅಲ್ಲಲ್ಲಿ ಇಂಗ್ಲಿಷು ಉಳಿದಿದೆ, ಕೆಲವು ಮಾತುಗಳು ತಡವರಿಸುತ್ತವೆ. ಆದರೂ ಗುಜರಾತಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುವ ಮಗು ತಾನಾಗಿ ಕನ್ನಡ ಅಕ್ಷರ ಓದಬೇಕಾದ ಸಂದರ್ಭ ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಬಾರಿ ಬರುತ್ತದೆ ಎಂದು ಎಣಿಸಿ ನೋಡಿ. ಮಗಳು ಭಾನುವಾರದ ಕನ್ನಡ ಪಾಠಕ್ಕೆ ಹತ್ತು ನೆವ ಹೇಳುತ್ತಾಳೆ, ಕಲ್ಲಿದ್ದಲು ಎಲ್ಲಿದೆ ಎಂದು ಹುಡುಕಲು ಮಾತ್ರ ಒತ್ತಕ್ಷರವನ್ನೂ ಬಿಡಿಸಿ ಓದುತ್ತಾಳೆ.

ಮನೆಮಂದಿಯ ಆಟ ಯಾವುದೆಂದು ಆರಿಸುವಾಗ ನಾವು ನೋಡುವುದು ಒಂದೇ ಪರದೆಯ ಮುಂದೆ ಇಬ್ಬರು ಕೂರಬಹುದೇ ಎಂಬುದನ್ನು. 2005ರ ಲೆಗೊ ಸ್ಟಾರ್ ವಾರ್ಸ್ ಆಟದಿಂದ ಮೊದಲಾದ ಸಾಲಿನಲ್ಲಿ ಈ ಅನುಕೂಲವಿದೆ. ಆಟ ನಡೆಯುತ್ತಿರುವಾಗಲೇ ಎರಡನೆಯವರು ಸೇರಬಹುದು, ಒಲೆಯ ಮೇಲಿನ ಹಾಲು ಉಕ್ಕಿದರೆ ಎದ್ದು ಹೋಗಬಹುದು, ಮಗುವಿನ ಆಟ ನಿಲ್ಲುವುದಿಲ್ಲ. ಸೋತರೆ ರಕ್ತವಿಲ್ಲ, ಬೊಂಬೆ ಇಟ್ಟಿಗೆಗಳಾಗಿ ಚದುರಿ ಮತ್ತೆ ಕೂಡಿಕೊಳ್ಳುತ್ತದೆ. ಡಬ್ಬಿಯ ಮೇಲಿನ 3, 7, 12 ಎಂಬ ಯುರೋಪಿನ ಅಂಕಿಗಳು ಆಟದ ವಸ್ತು ಯಾವ ವಯಸ್ಸಿಗೆ ತಕ್ಕುದೆಂಬುದನ್ನು ಹೇಳುತ್ತವೆ, ಆಟ ಎಷ್ಟು ಕಷ್ಟವೆಂಬುದನ್ನಲ್ಲ. ಅಂತರಜಾಲದಲ್ಲಿ ಅಪರಿಚಿತರು ಮಗುವಿನೊಡನೆ ಏನು ಮಾತಾಡುತ್ತಾರೆಂಬುದೂ ಆ ಅಂಕಿಗೆ ತಿಳಿಯದು, ಅದನ್ನು ನಾವೇ ಮುಚ್ಚಿಡಬೇಕು. ಹಣ ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನಿನಿಂದ ನಿಷೇಧಿಸಿತು. ಆ ಗದ್ದಲದಲ್ಲಿ ಎಲ್ಲ ಪರದೆಯ ಆಟಗಳೂ ಜೂಜೇ ಎಂದು ಭಾವಿಸಿದ ಹಿರಿಯರಿದ್ದಾರೆ. ಕಾನೂನು ಹಾಗೆ ಹೇಳಿಲ್ಲ.

ನೆಲದ ಆಟ, ಪರದೆಯ ಆಟ ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ನಾವು ನೆಲವನ್ನೇ ಆರಿಸುತ್ತೇವೆ. ಅದಕ್ಕೆ ಕಾರಣ ಕಿವಿಗೆ ಬೀಳುವ ಮಾತು. ಮೊದಮೊದಲು ಮಗಳು "ಪೇಲೀ ಲಾಲ್ ಈಂಟ್ ಆಪೋ ನೆ" ಎನ್ನುತ್ತಿದ್ದಳು. ಆ ಕೆಂಪು ಇಟ್ಟಿಗೆ ಕೊಡು ಎಂದು ನಾವು ತಿದ್ದಲಿಲ್ಲ, ಕೊಡುತ್ತಾ ಕನ್ನಡದಲ್ಲಿ ಹೇಳಿದೆವು ಅಷ್ಟೆ. ಅಂಚು, ಮೂಲೆ, ಸಂದಿ, ಮಗ್ಗುಲು, ಬಿಗಿ, ಸಡಿಲು, ಓರೆ, ಒತ್ತು, ಕಳಚು ಎಂಬ ಮಾತುಗಳನ್ನು ಯಾವ ಪಾಠವೂ ಅವಳಿಗೆ ಕಲಿಸಿರಲಿಲ್ಲ. ಈಗ ಅವಳ ಗುಜರಾತಿ ಗೆಳತಿಯೂ ಬಂದು ಕೂತಾಗ "ಸಂದಿ ಬಿಟ್ಟಿದೆ" ಎನ್ನುತ್ತಾಳೆ.

ಈ ವರ್ಷ ಗೊಂಬೆ ಮೆಟ್ಟಿಲ ಮುಂದೆ ಲೋಥಲ್‌ನ ಕಟ್ಟೆಯನ್ನೇ ಕಟ್ಟಬೇಕೆಂದು ನಿಶ್ಚಯಿಸಿದ್ದೇವೆ. ಅದರ ಉದ್ದ ಸುಮಾರು 214 ಮೀಟರ್, ಅಗಲ ಸುಮಾರು 36. ಒಂದು ಉಬ್ಬಿಗೆ 2 ಮೀಟರ್ ಎಂದಿಟ್ಟುಕೊಂಡರೆ 107 ಉಬ್ಬು ಉದ್ದ, 18 ಉಬ್ಬು ಅಗಲ, ಅಂದರೆ ನೆಲದ ಮೇಲೆ ಒಂದು ಗಜಕ್ಕೆ ಸ್ವಲ್ಪ ಕಡಿಮೆ. ಕಟ್ಟೆಯ ಎತ್ತರ ಸುಮಾರು 4 ಮೀಟರ್, ಅದಕ್ಕೆ ಆ ಐದು ಹಲಗೆಗಳ ಲೆಕ್ಕ ಸರಿಯಾಗಿ ಒದಗುತ್ತದೆ. ನಾಲ್ಕು ಉಬ್ಬಿನ ಕೆಂಪು ಹಲಗೆಗಳು ಹೆಚ್ಚು ಕಡಿಮೆ 310 ಬೇಕು, ನಮ್ಮಲ್ಲಿರುವುದು 190. ವಡೋದರದವರು 60 ಕಳಿಸುವುದಾಗಿ ಹೇಳಿದ್ದಾರೆ, ಸೂರತ್‌ನವರು ಎಣಿಸುತ್ತಿದ್ದಾರೆ. ಮಗಳು ಮೈನ್‌ಕ್ರಾಫ್ಟ್‌ನಲ್ಲಿ ಒಂದು ಘನಕ್ಕೆ ಒಂದು ಮೀಟರಿನಂತೆ ಅದನ್ನು ಆಗಲೇ ತೋಡಿ ನೀರು ಬಿಟ್ಟಾಗಿದೆ. ಆ ನೀರು ನೀಲಿ. ಸಾಬರಮತಿಯ ಹೂಳು ತುಂಬಿದ ಕಟ್ಟೆಯ ನೀರು ಕಂದು ಬಣ್ಣದ್ದೇ ಇದ್ದೀತು ಎಂಬುದು ನಮ್ಮ ವಾದ. ಅವಳ ಅಜ್ಜಿ, ಪ್ಲಾಸ್ಟಿಕ್ಕಾದರೂ ಆಗಲಿ, ಹಬ್ಬದ ಮುಂದೆ ಕೊಳಕು ನೀರು ಬೇಡ ಎಂದು ಮೊಮ್ಮಗಳ ಕಡೆ ಸೇರಿಕೊಂಡಿದ್ದಾರೆ.